ನಾಯಿ ಎಲುಬನ್ನು ಮಣ್ಣಿಗೆ ಕೊಟ್ಟದ್ದು

ಜಗತ್ತು ಆಗಷ್ಟೇ ಆಗಿತ್ತು. ಬೆಟ್ಟಗಳಿಗೆ ತಾವು ಎಲ್ಲಿ ಕೂರಬೇಕೆಂದು ಇನ್ನೂ ಗೊತ್ತಾಗಿರಲಿಲ್ಲ, ಇವತ್ತು ಇಲ್ಲಿ ಕೂತರೆ ನಾಳೆ ಎದ್ದು ಅಲ್ಲಿ ಕೂರುತ್ತಿದ್ದವು. ಹಳ್ಳಕ್ಕೆ ಇಳಿಜಾರು ಯಾವ ಕಡೆ ಎಂದು ತಿಳಿಯದೆ ದಾರಿಯಲ್ಲಿ ಸಿಕ್ಕವರನ್ನೆಲ್ಲ ಕೇಳುತ್ತಿತ್ತು. ಆಗ ಎಲ್ಲರೂ ಎಲ್ಲರೊಡನೆ ಮಾತಾಡುತ್ತಿದ್ದರು. ಗಾಳಿ ಮಾತಾಡುತ್ತಿತ್ತು, ಮಣ್ಣು ಮಾತಾಡುತ್ತಿತ್ತು, ಕಾಗೆಯಂತೂ ಬಾಯಿ ಮುಚ್ಚುತ್ತಲೇ ಇರಲಿಲ್ಲ.

ಯಾರು ಏನು ತಿನ್ನಬೇಕು ಎಂಬುದು ಮಾತ್ರ ಆಗಲೇ ತೀರ್ಮಾನವಾಗಿತ್ತು. ಕುರಿಗೆ ಹುಲ್ಲು. ಕೊಕ್ಕರೆಗೆ ಮೀನು. ಜೇನಿಗೆ ಹೂವು. ಇರುವೆಗೆ ಯಾರ ಕೈಯಿಂದ ಏನು ಬಿದ್ದರೂ ಸರಿ. ನಾಯಿಗೆ ಮಾತ್ರ ಪಾಲು ಸಿಕ್ಕಿರಲಿಲ್ಲ. ಪಾಲು ಹಂಚುವ ದಿನ ನಾಯಿ ಅಲ್ಲಿರಲಿಲ್ಲ, ಕಾಡು ಬಿಟ್ಟು ಮನುಷ್ಯರ ಬೆಂಕಿಯ ಹತ್ತಿರ ಬರುವ ದಾರಿಯಲ್ಲಿತ್ತು.

ಹಾಗೆ ಬಂದ ಮೊದಲ ನಾಯಿಯ ಹೆಸರು ಬೂದಿ. ಹೆಣ್ಣು ನಾಯಿ. ಬಂದ ದಿನವೇ ಬಾಳವ್ವನ ಒಲೆಯ ಬೂದಿಯಲ್ಲಿ ಹೊರಳಿ ಮಲಗಿತು, ಬಾಳವ್ವ ಅದೇ ಹೆಸರಿಟ್ಟಳು.

ಬಾಳವ್ವ ಕುರಿ ಕಾಯುವವಳು. ಗಂಡ ಇರಲಿಲ್ಲ, ಮಕ್ಕಳು ಇರಲಿಲ್ಲ. ಕುರಿಗಳೇನೋ ಇದ್ದವು, ಆದರೆ ಕುರಿಗಳ ಜೊತೆ ಎಷ್ಟು ಹೊತ್ತು ಮಾತಾಡುವುದು? ಅವು ಹುಲ್ಲಿನ ವಿಷಯ ಬಿಟ್ಟು ಬೇರೆ ಮಾತೇ ಎತ್ತುತ್ತಿರಲಿಲ್ಲ. ಬೂದಿ ಹಾಗಲ್ಲ. ಬಾಳವ್ವ ಏನು ಹೇಳಿದರೂ ಕಿವಿ ನಿಮಿರಿಸಿ ಕೇಳುತ್ತಿತ್ತು, ಹಳೆಯ ಮಾತನ್ನೇ ಹತ್ತು ಸಲ ಹೇಳಿದರೂ ಹತ್ತು ಸಲವೂ ಹೊಸದೆಂಬಂತೆ ಕೇಳುತ್ತಿತ್ತು. ಬಾಳವ್ವನಿಗೆ ಅಲ್ಲಿಯವರೆಗೆ ಹಾಗೆ ಕೇಳಿದವರು ಯಾರೂ ಇರಲಿಲ್ಲ. ಬೂದಿ ಅವಳ ಕಂಬಳಿಯ ಮೇಲೇ ಒಂದು ಮರಿ ಹಾಕಿದಾಗ ಅವಳು ಕಂಬಳಿ ಕೊಡವದೆ ಹಾಗೇ ಬಿಟ್ಟು, ತಾನು ಬರೀ ನೆಲದ ಮೇಲೆ ಮಲಗಿದಳು.

ಬಾಳವ್ವನ ಹಟ್ಟಿಯಲ್ಲಿ ಒಂದು ಕಟ್ಟಳೆ ಇತ್ತು. ಮನೆಯವರಿಗೆ ಬೇಯಿಸಿದ್ದು ಬಡಿಸಬೇಕು. ಹೊರಗಿನಿಂದ ಬಂದವರಿಗೆ ಪಡಿ ಕೊಡಬೇಕು, ಎಂದರೆ ಹಸಿ ಜೋಳ, ಹಸಿ ಬೇಳೆ, ಹಸಿ ಮಾಂಸ. ಅವರು ತಮ್ಮ ಪಾಡಿಗೆ ಮರದ ಕೆಳಗೆ ಕೂತು ಬೇಯಿಸಿಕೊಂಡು ತಿನ್ನಬೇಕು. ಯಾರಿಗೆ ಪಡಿ ಬಂತೋ ಅವರು ಪರಕೀಯರು. ಯಾರ ಮುಂದೆ ಬೆಂದ ಅನ್ನ ಬಂತೋ ಅವರು ನಮ್ಮವರು.

ಬೂದಿಗೆ ಪಡಿ ಬರುತ್ತಿತ್ತು. ಹಟ್ಟಿಯ ಹಿರಿಯ ಮಾಳಜ್ಜ ಕುರಿ ಕಡಿದಾಗಲೆಲ್ಲ ಒಂದು ದೊಡ್ಡ ಮಂಡಿ ಎಲುಬನ್ನು ಹಸಿಯಾಗಿಯೇ ಬೂದಿಯ ಮುಂದೆ ಎಸೆಯುತ್ತಿದ್ದ. ಬೂದಿ ಅದನ್ನು ಮುಂಗಾಲುಗಳ ನಡುವೆ ಹಿಡಿದು ಹೊತ್ತು ಮುಳುಗುವವರೆಗೂ ಕಡಿಯುತ್ತಿತ್ತು. ಅದರ ಹಲ್ಲು ಬೆಳ್ಳಗೆ ಹೊಳೆಯುತ್ತಿದ್ದವು, ಮೈ ಮಿರಿಮಿರಿ ಮಿಂಚುತ್ತಿತ್ತು. ಇದನ್ನೆಲ್ಲ ಬಾಳವ್ವ ನೋಡಿದ್ದಳು. ಆದರೆ ಅವಳ ಕಣ್ಣಿಗೆ ಬಿದ್ದದ್ದು ಒಂದೇ, ತನ್ನ ಬೂದಿಗೆ ಪರಕೀಯರ ಪಾಲು ಬಂದದ್ದು.

ಅವಳು ಕದ್ದುಮುಚ್ಚಿ ತನ್ನ ಪಾಲಿನಿಂದ ಕೊಡತೊಡಗಿದಳು. ಬೆಲ್ಲ ಕೊಟ್ಟಳು. ಬೂದಿ ತಿಂದಿತು, ಬಾಲ ಅಲ್ಲಾಡಿಸಿತು, ಆಮೇಲೆ ಕಣ್ಣಲ್ಲಿ ಗೀಜು ಕಟ್ಟಿ ಮೈಯೆಲ್ಲ ಕೆರೆದುಕೊಂಡಿತು. ರೊಟ್ಟಿಗೆ ನಂಜಿಕೊಳ್ಳುವ ಉಳ್ಳಾಗಡ್ಡಿ ಕೊಟ್ಟಳು. ಬೂದಿ ತಿಂದಿತು, ಬಾಲ ಅಲ್ಲಾಡಿಸಿತು, ಆಮೇಲೆ ಒಸಡು ಬಿಳಿಚಿಕೊಂಡು ಎಷ್ಟೋ ದಿನ ಜಾಲಿಯ ನೆರಳು ಬಿಟ್ಟು ಏಳಲಿಲ್ಲ.

ಬಾಳವ್ವನಿಗೆ ದಿಕ್ಕು ತೋಚಲಿಲ್ಲ. ಅವಳು ಕಂಡಕಂಡವರನ್ನು ಕೇಳಿದಳು.

"ನಾಯಿಗೆ ಏನ್ ಕೊಡಬೇಕೋ ಹಳ್ಳಪ್ಪಾ?"

"ಮೀನ ಕೊಡು. ನನ್ನ ಹೊಟ್ಟ್ಯಾಗ ಅದs ಐತಿ," ಎಂದಿತು ಹಳ್ಳ.

"ನಾಯಿಗೆ ಏನ್ ಕೊಡಬೇಕೋ ಗಾಳೆಪ್ಪಾ?"

"ಏನೂ ಕೊಡಬ್ಯಾಡ. ನಾ ಏನೂ ತಿನ್ನಂಗಿಲ್ಲ, ಎಷ್ಟು ಹಗೂರ ಅದೀನಿ ನೋಡು," ಎಂದಿತು ಗಾಳಿ.

ಕುರಿಗಳು ಏನು ಹೇಳಿದವು ಎಂದು ಕೇಳುವುದೇ ಬೇಡ. ಒಬ್ಬೊಬ್ಬರೂ ತಮ್ಮ ತಮ್ಮ ಹೊಟ್ಟೆಯನ್ನು ನೋಡಿಕೊಂಡು ಉತ್ತರ ಕೊಟ್ಟರು. ಬುದ್ಧಿ ಹೇಳುವವರ ಹಣೆಬರಹ ಆಗಲೂ ಅಷ್ಟೇ.

ಕೊನೆಗೆ ಬಾಳವ್ವ ಬೂದಿಯನ್ನೇ ಕೇಳಿದಳು. "ನೀನs ಹೇಳs ಯವ್ವಾ. ನಿನಗ ಏನ್ ಬೇಕು?"

ಬೂದಿ ಅವಳ ಮುಖ ನೋಡಿತು. ಅವಳು ಕೊಟ್ಟದ್ದರಲ್ಲಿ ಯಾವುದೂ ಹೊಟ್ಟೆಗೆ ಸರಿಹೋಗಿಲ್ಲ ಎಂದು ಹೇಳಬಹುದಾಗಿತ್ತು. ಮಾಳಜ್ಜನ ಹಸಿ ಎಲುಬೇ ಸಾಕು ಎಂದು ಹೇಳಬಹುದಾಗಿತ್ತು. ಆದರೆ ಆ ಮುಖ ಸಣ್ಣದಾಗುವುದನ್ನು ನೋಡುವ ಧೈರ್ಯ ಅದಕ್ಕಿರಲಿಲ್ಲ.

"ನೀ ಕೊಟ್ಟಿದ್ದು," ಎಂದಿತು.

ಅಯ್ಯೋ ಬೂದಿ, ಬಾಯಿ ಬಿಟ್ಟು ಒಂದು ಮಾತು ಹೇಳಬಾರದಿತ್ತೇ!

ಮುಂದೆ ಒಂದು ದಿನ ತೋಳ ಬಂತು. ಹಟ್ಟಿಯ ದೊಡ್ಡ ಟಗರನ್ನು ಕುತ್ತಿಗೆಗೆ ಬಾಯಿ ಹಾಕಿ ಎಳೆದುಕೊಂಡು ಹೊರಟಿತ್ತು. ಬೂದಿ ಹಿಂದಿನಿಂದ ಹೋಗಿ ತೋಳದ ಕಿವಿ ಹಿಡಿದು ಬಿಡಲೇ ಇಲ್ಲ. ತೋಳ ಟಗರನ್ನು ಬಿಟ್ಟು, ಅರ್ಧ ಕಿವಿಯನ್ನೂ ಬಿಟ್ಟು ಓಡಿತು. ಟಗರು ಉಳಿಯಲಿಲ್ಲ. ಮಿಕ್ಕ ಹಿಂಡೆಲ್ಲ ಉಳಿಯಿತು.

ಮರುದಿನ ಬೆಳಗ್ಗೆ ಮಾಳಜ್ಜ ಟಗರಿನ ಪಾಲು ಹಾಕಿದ. ಎಲ್ಲರಿಗೂ ಕೊಟ್ಟ ಮೇಲೆ ಹಿಂಗಾಲಿನ ಎಲುಬನ್ನು ಹಸಿಯಾಗಿ ಬೂದಿಯ ಕಡೆ ಎಸೆಯಲು ಕೈಯೆತ್ತಿದ. ಬಾಳವ್ವ ಅವನ ಕೈ ಹಿಡಿದಳು.

"ಇನ್ನೂ ಪಡಿ ಏನ್ ಯಜ್ಜಾ ಇಕಿಗೆ? ತೋಳದ ಬಾಯಾಗಿಂದ ನಿಮ್ಮ ಹಿಂಡು ಉಳಿಸ್ಯಾಳ. ಇವತ್ತರ ನಮ್ಮಾಕಿ ಅಂತ ಅನ್ನಬಾರದೇನು?"

"ಹಿಂದಿನಿಂದ ನಡ್ಕೊಂಡು ಬಂದಿದ್ದವ್ವಾ," ಎಂದ ಮಾಳಜ್ಜ. ಹಿಂದಿನಿಂದ ಎಂದರೆ ಹೋದ ವರ್ಷದಿಂದ. ಜಗತ್ತೇ ಹೊಸದಲ್ಲವೇ.

"ನಡ್ಕೊಂಡು ಬಂದಿದ್ದು ಇವತ್ತಿಗೆ ನಿಂದರಲಿ. ಇಕಿ ನನ್ನ ಮಗಳು. ನನ್ನ ಮಗಳಿಗೆ ಹಸೀದು ಕೊಡಂಗಿಲ್ಲ."

ಮಾಳಜ್ಜ ಎಲುಬನ್ನು ಅವಳ ಕೈಗೆ ಕೊಟ್ಟ. ಹೆಚ್ಚು ವಾದ ಮಾಡುವ ಮನುಷ್ಯನಲ್ಲ ಅವನು.

ಬಾಳವ್ವ ಗಡಿಗೆ ಇಟ್ಟಳು. ಎಲುಬನ್ನು ಚೆನ್ನಾಗಿ ಬೇಯಿಸಿದಳು, ಬೆಂದದ್ದು ಸಾಲದೆಂದು ಕೆಂಡದ ಮೇಲೆ ಸುಟ್ಟು ಗರಿಗರಿ ಮಾಡಿದಳು. ಮನೆಮಗಳಿಗೆ ಮಾಡುವ ಊಟವನ್ನು ಯಾರಾದರೂ ಅರ್ಧಂಬರ್ಧ ಮಾಡುತ್ತಾರೆಯೇ? ಅವಳು ಹಾಡಿಕೊಳ್ಳುತ್ತ ಮಾಡಿದಳು.

ಜಾಲಿಯ ಮೇಲಿನಿಂದ ಕಾಗೆ ಕೂಗಿತು. "ಬಾಳವ್ವಾ, ಬೆಂದ ಎಲುಬು ಕೊಡಬ್ಯಾಡ! ಬೆಂದಿದ್ದು ಸೀಳತೈತಿ, ಮುಳ್ಳಾಗತೈತಿ. ಒಳಗ ಚುಚ್ಚತೈತಿ."

"ನಿನ್ನ ಕಣ್ಣು ಎಲುಬಿನ ಮ್ಯಾಲೈತಿ ಅಂತ ನನಗ ತಿಳಿಯಂಗಿಲ್ಲೇನು? ಹೋಗತೀಯೋ ಕಲ್ಲು ತಗೋಲ್ಯೋ?"

ಕಾಗೆಯನ್ನು ಅವಳು ನಂಬದಿದ್ದದ್ದು ತಪ್ಪೆಂದು ಹೇಗೆ ಹೇಳುವುದು? ಬೆಣ್ಣೆ ಕೆಟ್ಟಿದೆ, ಚೆಲ್ಲಿಬಿಡು ಎಂದು ಹೇಳಿ, ಚೆಲ್ಲಿದ ಬೆಣ್ಣೆಯನ್ನೆಲ್ಲ ತಿಂದದ್ದು ಇದೇ ಕಾಗೆ. ಅದು ಹುಟ್ಟಿದ ಮೇಲೆ ಒಂದೇ ಒಂದು ದಿನ ನಿಜ ಹೇಳಿತು. ಆ ದಿನ ಕಲ್ಲು ತಿಂದು ಹಾರಿಹೋಯಿತು.

ಬಾಳವ್ವ ಎಲುಬನ್ನು ಎಲೆಯ ಮೇಲಿಟ್ಟು ಬೂದಿಯ ಮುಂದೆ ಬಡಿಸಿದಳು. ಹಟ್ಟಿಯೆಲ್ಲ ನೋಡಲಿ ಎಂದು ಬಾಗಿಲಲ್ಲೇ ಬಡಿಸಿದಳು. ಬೂದಿ ತಿಂದಿತು, ಬಾಲ ಅಲ್ಲಾಡಿಸಿತು. ಎಲುಬು ಹಲ್ಲಿಗೆ ಸಿಕ್ಕ ಕೂಡಲೇ ಚಟಚಟ ಒಡೆಯಿತು. ಒಡೆದ ಚೂರುಗಳನ್ನೆಲ್ಲ ಬೂದಿ ನುಂಗಿತು. ಎಲೆಯ ಮೇಲೆ ಒಂದು ಚೂರನ್ನೂ ಬಿಡಲಿಲ್ಲ, ಬಿಟ್ಟರೆ ಅವಳು ನೊಂದುಕೊಳ್ಳುತ್ತಾಳೆಂದು.

ಬಿಸಿಲು ನೆತ್ತಿಗೆ ಬರುವಷ್ಟರಲ್ಲಿ ಬೂದಿ ಬೆನ್ನು ಬಾಗಿಸಿ ನಿಂತಿತ್ತು. ಕೂರಲಾರದು, ಮಲಗಲಾರದು. ಬಾಯಿಂದ ರಕ್ತ ಬಂತು. ಮರಿ ಹಾಲಿಗೆಂದು ಹತ್ತಿರ ಬಂದರೆ ದೂರ ಸರಿಯಿತು.

ಬಾಳವ್ವ ಓಡಿದಳು. ಹಳ್ಳದಿಂದ ಬೊಗಸೆಯಲ್ಲಿ ನೀರು ತಂದಳು, ನೀರು ಒಳಗೆ ನಿಲ್ಲಲಿಲ್ಲ. "ಗಾಳೆಪ್ಪಾ, ಒಳಗ ಹೋಗಿ ಆ ಚೂರು ತಗದುಕೊಂಡು ಬಾರೋ," ಎಂದು ಬೇಡಿದಳು. ಗಾಳಿ ಬೂದಿಯ ಬಾಯಿಂದ ಒಳಗೆ ಹೋಯಿತು, ಹೊರಗೆ ಬಂತು, ಮತ್ತೆ ಹೋಯಿತು, ಮತ್ತೆ ಬಂತು. "ನನಗ ಕೈ ಇಲ್ಲವ್ವಾ," ಎಂದಿತು.

"ಭೂಮಿತಾಯೀ, ನೀನರ ಏನರ ಮಾಡು!"

"ನಾ ಏನ್ ಮಾಡಲಿ ಮಗಳs. ನನ್ನ ಕಡೆ ಬಂದಮ್ಯಾಲೆ ಇಟಗೊಳ್ಳೂದು ಅಷ್ಟs ನನಗ ಗೊತ್ತು," ಎಂದಿತು ಮಣ್ಣು.

ಬಾಳವ್ವ ಬೂದಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ತಾನು ಏನು ಮಾಡಿದ್ದೇನೆಂದು ಅವಳಿಗೆ ಆಗ ಗೊತ್ತಾಗಿತ್ತು. ಗೊತ್ತಾಗಿ ಏನು ಪ್ರಯೋಜನ? ಪರಕೀಯಳೆಂದು ಬಿಟ್ಟಿದ್ದರೆ ಬದುಕಿರುತ್ತಿತ್ತು. ಮಗಳೆಂದು ಕರೆದು ಕೊಂದಳು.

"ನನಗ ಬೈಯೇ ಬೂದಿ," ಎಂದಳು. "ಒಂದ್ ಸಲ ಬೈದು ಹೋಗು."

ಬೂದಿ ಕಣ್ಣು ತೆರೆಯಿತು. ಅವಳ ಮುಖ ನೋಡಿತು.

"ಎಲುಬು ಭಾಳ ರುಚಿ ಇತ್ತವ್ವಾ," ಎಂದಿತು.

ಹೊತ್ತು ಮುಳುಗುವ ಮುಂಚೆ ಅದರ ಬಾಲ ಅಲ್ಲಾಡುವುದು ನಿಂತಿತು.

ಮಾಳಜ್ಜ ಬಂದು ಗುಂಡಿ ತೋಡಿದ. ನಾನು ಹೇಳಿರಲಿಲ್ಲವೇ ಎಂದು ಅವನು ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು, ಬಾಳವ್ವ ಜಗಳಕ್ಕಾದರೂ ಬಾಯಿ ತೆರೆಯುತ್ತಿದ್ದಳು. ಮರಿ ಗುಂಡಿಯ ಅಂಚಿನಲ್ಲಿ ನಿಂತು ಎಲ್ಲವನ್ನೂ ನೋಡಿತು. ಮಣ್ಣು ಮುಚ್ಚಿದ ಮೇಲೆ ಅದು ಮುಂಗಾಲಿನಿಂದ ಕೆದರಲು ಹೋಯಿತು.

"ಕಾಲಿಂದ ಕೆದರಬ್ಯಾಡಪ್ಪಾ," ಎಂದ ಮಾಳಜ್ಜ. "ಅಲ್ಲಿ ನಿಮ್ಮವ್ವ ಮಕ್ಕೊಂಡಾಳ."

ಮರಿ ಕಾಲು ಹಿಂದಕ್ಕೆ ತೆಗೆದುಕೊಂಡಿತು. ಅಲ್ಲಲ್ಲಿ ಸಡಿಲ ಬಿದ್ದಿದ್ದ ಮಣ್ಣನ್ನು ಮೂಗಿನಿಂದ ಮೆಲ್ಲಗೆ ತಳ್ಳಿ ತಾಯಿಯ ಮೇಲೆ ಹಾಕಿತು. ಆಮೇಲೆ ಮೂಗನ್ನು ನೆಲಕ್ಕೆ ಒತ್ತಿ ಕೇಳಿತು.

"ನಮ್ಮವ್ವ ಎಲ್ಲದಾಳ?"

"ನನ್ನ ಹತ್ರ," ಎಂದಿತು ಮಣ್ಣು.

"ಅಕಿನ್ನ ಚುಚ್ಚಿದ ಎಲುಬು?"

"ಅದೂ ನನ್ನ ಹತ್ರ."

"ನಿನಗ ಚುಚ್ಚಂಗಿಲ್ಲೇನು?"

"ಇಲ್ಲಪ್ಪ. ನನಗ ಚುಚ್ಚಂಗಿಲ್ಲ."

"ನಮ್ಮವ್ವನ್ನ ತಿರುಗಿ ಕೊಡತೀಯೇನು?"

ಮಣ್ಣು ಬೂದಿಯ ಮೇಲೆ ಇನ್ನಷ್ಟು ಬಿಗಿಯಾಗಿ ಕೂತಿತು.

ಮುಂದೆ ಹಟ್ಟಿಯಲ್ಲಿ ಮತ್ತೆ ಕುರಿ ಕಡಿದರು. ಮರಿ ಆಗ ಎಲುಬು ಕಡಿಯುವಷ್ಟು ದೊಡ್ಡದಾಗಿತ್ತು, ಪಕ್ಕೆಲುಬು ಎಣಿಸುವಷ್ಟು ಸೊರಗಿತ್ತು. ಬಾಳವ್ವ ಮಾಳಜ್ಜನ ಮುಂದೆ ಕೈಯೊಡ್ಡಿ ಪಡಿ ಬೇಡಿದಳು. ದೊಡ್ಡ ಮಂಡಿ ಎಲುಬು, ನುಂಗಲು ಆಗದಂಥದು, ಒಲೆಯ ಹತ್ತಿರವೂ ಸುಳಿಯದಂಥದು. ಈ ಸಲ ಅವಳು ತಪ್ಪಿರಲಿಲ್ಲ. ಎಲುಬನ್ನು ತನ್ನ ಕೈಯಲ್ಲೇ ಹಿಡಿದು ಮರಿಯ ಮುಂದೆ ಕೂತಳು.

"ತಿನ್ನಪ್ಪಾ. ಹಸೀದೈತಿ. ಏನೂ ಆಗಂಗಿಲ್ಲ."

ಮರಿ ಎಲುಬನ್ನು ಮೂಸಿತು. ಎಲುಬಿನಲ್ಲಿ ಮಾಂಸದ ವಾಸನೆ ಇತ್ತು. ಅದರ ಮೇಲೆ ಬಾಳವ್ವನ ಕೈಯ ವಾಸನೆಯೂ ಇತ್ತು, ಒಲೆಯ ಹೊಗೆ ಹತ್ತಿದ ಕೈ, ಅಂದು ಎಲೆಯ ಮೇಲೆ ಬಡಿಸಿದ ಕೈ. ಮರಿ ಬೇಡವೆನ್ನಲಿಲ್ಲ. ಆ ತಾಯಿಯ ಮರಿ ಹೇಗೆ ಬೇಡವೆಂದೀತು? ಬಾಲ ಅಲ್ಲಾಡಿಸಿತು, ಅವಳ ಕೈ ನೆಕ್ಕಿತು, ಎಲುಬನ್ನು ಮೆಲ್ಲಗೆ ಕಚ್ಚಿಕೊಂಡು ಗುಡಿಸಲಿನ ಹಿಂದೆ ಹೋಯಿತು.

ಬಾಳವ್ವನಿಗೆ ಎಷ್ಟೋ ದಿನದ ಮೇಲೆ ಉಸಿರು ಹಗುರಾಯಿತು. ತಿನ್ನುವುದನ್ನು ಕಣ್ಣಾರೆ ನೋಡೋಣವೆಂದು ಹಿಂದೆಯೇ ಹೋದಳು.

ಮರಿ ಗುಂಡಿ ತೋಡಿತ್ತು. ಎಲುಬನ್ನು ಅದರೊಳಗಿಟ್ಟು ಮೂಗಿನಿಂದ ಮಣ್ಣು ತಳ್ಳುತ್ತಿತ್ತು.

"ಹಸಿದೀಯಲ್ಲೋ ನನ್ನಪ್ಪಾ!" ಬಾಳವ್ವ ಎರಡೂ ಕೈಯಿಂದ ಮಣ್ಣು ಬಗೆದು ಎಲುಬು ತೆಗೆದಳು, ಸೆರಗಿನಿಂದ ಒರೆಸಿ ಮತ್ತೆ ಕೊಟ್ಟಳು. ಮರಿ ಬಾಲ ಅಲ್ಲಾಡಿಸಿತು, ಕೈ ನೆಕ್ಕಿತು, ಎಲುಬನ್ನು ತೆಗೆದುಕೊಂಡು ಇನ್ನೊಂದು ಕಡೆ ಹೋಗಿ ಹೂಳಿತು.

ಆಗ ಅವಳಿಗೆ ತಿಳಿಯಿತು. ಎಲುಬಿನ ಮೇಲೆ ಅದಕ್ಕೆ ಅನುಮಾನವಿಲ್ಲ. ಅವಳ ಮೇಲೆ ಪ್ರೀತಿಯೂ ಕಡಿಮೆಯಾಗಿಲ್ಲ. ಅವಳ ಕೈಯಿಂದ ಬಂದದ್ದನ್ನು ಬಾಯಿಗಿಡಲು ಮಾತ್ರ ಅದಕ್ಕೆ ಇನ್ನು ಆಗದು.

ಬಾಳವ್ವ ಬದುಕಿದ್ದಷ್ಟು ದಿನ ಕೊಡುತ್ತಲೇ ಇದ್ದಳು, ನಾಯಿ ಹೂಳುತ್ತಲೇ ಇತ್ತು. ಅವಳು ಕುರಿಗಳ ಹಿಂದೆ ಹೋದ ಮೇಲೆ, ಎಲುಬಿಗೆ ಹತ್ತಿದ ಅವಳ ಕೈಯ ವಾಸನೆ ಮಣ್ಣಿನಲ್ಲಿ ಅಳಿದ ಮೇಲೆ, ಅದು ಒಬ್ಬಂಟಿಯಾಗಿ ಬಂದು ಅಗೆದು ತಿನ್ನುತ್ತಿತ್ತು. ಅವಳ ಎದುರಿಗೆ ಒಂದು ದಿನವೂ ತಿನ್ನಲಿಲ್ಲ.

ಅದಕ್ಕೇ ಮಕ್ಕಳೇ, ಇವತ್ತಿಗೂ ನೀವು ಎಂಥ ಒಳ್ಳೆಯ ಎಲುಬನ್ನು ಆರಿಸಿ ತಂದುಕೊಟ್ಟರೂ ನಾಯಿ ನಿಮಗೆ ಬಾಲ ಅಲ್ಲಾಡಿಸುತ್ತದೆ, ನಿಮ್ಮ ಕೈ ನೆಕ್ಕುತ್ತದೆ, ಆಮೇಲೆ ಎಷ್ಟೇ ಹಸಿದಿದ್ದರೂ ಅದನ್ನು ಹಿತ್ತಲಿಗೆ ಒಯ್ದು ಗುಂಡಿಯೊಳಗಿಟ್ಟು, ಕಾಲಿನಿಂದಲ್ಲ, ಮೂಗಿನಿಂದ ಮಣ್ಣು ಮುಚ್ಚುತ್ತದೆ.