ಕರಡಿಯ ತಲೆಯ ಮೇಲೆ ಜಿಂಕೆಕೊಂಬು

ಉತ್ತರ ಅಮೆರಿಕದ ಮೂಲನಿವಾಸಿಗಳಾದ ಇರೋಕ್ವಾ ಜನರ ಕಾಡಿನಲ್ಲಿ ಪ್ರಾಣಿಗಳೂ ಆ ಜನರ ಪದ್ಧತಿಯನ್ನೇ ಪಾಲಿಸುತ್ತಿದ್ದವು. ಕುಲದ ಮುಖಂಡನನ್ನು ಆರಿಸುವವಳು ಹಿರಿಯಜ್ಜಿ. ಅವನ ಅಧಿಕಾರದ ಗುರುತು ಜಿಂಕೆಕೊಂಬಿನ ಕಿರೀಟ. ಮೂರು ಸಲ ಎಚ್ಚರಿಸಿದರೂ ಅವನು ಕೇಳದಿದ್ದರೆ ಅದನ್ನು ಕಿತ್ತುಕೊಳ್ಳುವವಳೂ ಆ ಅಜ್ಜಿಯೇ. ಅಜ್ಜಿ ಕರಡಿ ಅದನ್ನು ತನ್ನ ಮಗಳ ಮಗನಿಗೆ ತೊಡಿಸಿದಳು. ವಾರ ಕಳೆಯುವಷ್ಟರಲ್ಲಿ ಅವನು ತೋಳಗಳ ಮೇಲೆ ಯುದ್ಧ ಸಾರಿದ.

“ಸಭೆಯನ್ನು ಕೇಳಿದೆಯಾ?” ಎಂದು ಅಜ್ಜಿ ಎಚ್ಚರಿಸಿದಳು.

“ಕೇಳಿದರೆ ಬೇಡ ಎನ್ನುತ್ತಾರೆ.”

ಮರುದಿನ ಅವಳು ಮತ್ತೆ ಎಚ್ಚರಿಸಿದಳು. ಕರಡಿ ಆಕಳಿಸಿದ. ಮೂರನೆಯ ದಿನ ಎಚ್ಚರಿಸಿದಾಗ ಹೇಳಿದ: “ಅಜ್ಜಿ, ನೀನು ಜೋಳ ಬೇಯಿಸು. ರಾಜ್ಯಭಾರ ಕೊಂಬಿದ್ದವರ ಕೆಲಸ.”

ಅಜ್ಜಿ ಎದ್ದು ಬಂದು ಕೊಂಬಿಗೆ ಕೈ ಹಾಕಿದಳು.

“ಎಳೆಯಬೇಡ! ಅದು ನನ್ನ ತಲೆಯಲ್ಲೇ ಬೇರುಬಿಟ್ಟಿದೆ!”

ಒಂದೇ ಎಳೆತಕ್ಕೆ ಕಿರೀಟ ಕೈಗೆ ಬಂತು. ಜೊತೆಗೆ ನಾಲ್ಕು ಕೂದಲು ಬಂದವು. ಯುದ್ಧಕ್ಕೆ ಸಾಲುಗಟ್ಟಿದ್ದ ಕರಡಿಗಳೆಲ್ಲ ಸಂತೋಷದಿಂದ ಮನೆಗೆ ಹೋದವು.

ಬರಿದಾದ ತಲೆ ಸವರಿಕೊಳ್ಳುತ್ತ ಮೊಮ್ಮಗ ಅತ್ತ. “ಇನ್ನು ನನ್ನ ಮಾತು ಯಾರು ಕೇಳುತ್ತಾರೆ?”

“ಮೊದಲೂ ಯಾರೂ ಕೇಳುತ್ತಿರಲಿಲ್ಲ ಮಗಾ,” ಎಂದಳು ಅಜ್ಜಿ. “ಕೊಂಬು ಕಣ್ಣಿಗೆ ಚುಚ್ಚೀತೆಂದು ತಲೆ ಬಗ್ಗಿಸುತ್ತಿದ್ದರು.”