ತಲೆಕೆಳಗಾದ ಸಿಂಹ

ನನ್ನ ಕಣ್ಣಾಣೆ, ಇದು ನಡೆದಿದ್ದೇ. ಅಚ್ಚು ತಪ್ಪಿದ ನಾಣ್ಯ ಗುರುತಿಸೋದ್ರಲ್ಲಿ ನಮ್ಮ ತಾಲ್ಲೂಕಲ್ಲಿ ನನ್ನ ಮೀರಿಸೋನಿಲ್ಲ. ಅಂಥವನ್ನ ಜೋಡಿಸಿಡೋ ಪೆಟ್ಟಿಗೇಲಿ ಒಂದೇ ಗುಳಿ ಖಾಲಿ ಇತ್ತು. ಎದುರಿಗೆ ಎರಡು ರೂಪಾಯಿಂದು ಎರಡು ನಾಣ್ಯ. ಒಂದನ್ನ ಸಂತೇಲಿ ಎಂಟುನೂರ ನಲವತ್ತು ಕೊಟ್ಟು ತಂದಿದ್ದೆ, ಇನ್ನೊಂದು ಬಸ್ಸಲ್ಲಿ ಕೊಟ್ಟ ಚಿಲ್ಲರೆ.

ಸಂತೇದು ಅಂತು, "ನನ್ನ ಸೊಟ್ಟ ಮೂತಿ ನೋಡು. ಟಂಕಸಾಲೇಲಿ ಹುಟ್ಟಿದ್ದೇ ಹಿಂಗೆ. ಪೆಟ್ಟಿಗೆ ನನಗೆ, ಟೀ ಅಂಗಡಿ ನಿನಗೆ."



ನನ್ನ ಭೂತಗನ್ನಡಿ ಬಗ್ಗಿ ನೋಡ್ತು. "ಲೋ ಸೊಟ್ಟ, ಟಂಕಸಾಲೇಲೇ ಮೂತಿ ಸೊಟ್ಟಾಗಿದ್ರೆ ಆ ಜಾಗದಲ್ಲಿ ಅಕ್ಷರ ಮೂಡೋದೇ ಇಲ್ಲ. ನಿಂಗೆ ಮೂಡಿದ ಅಕ್ಷರ ಜಜ್ಜಿಹೋಗವೆ. ಇದು ಸುತ್ತಿಗೆ ಕೆಲಸ." ಆಮೇಲೆ ಬಸ್ಸಿನದರ ಕಡೆ ತಿರುಗ್ತು. "ನೀನೇನಪ್ಪ, ಮಾತಿಲ್ಲ?"

"ಪಕ್ಕಕ್ಕೆ ಮಗುಚಿ ನೋಡಿ, ಯಜಮಾನ್ರೇ."

ಮಗುಚಿದೆ. ಒಂದು ಗೀರಿಲ್ಲ, ಏಟಿಲ್ಲ. ನೆಟ್ಟಗಿರಬೇಕಾದ ಹಿಂದಿನ ಸಿಂಹ ತಲೆಕೆಳಗಾಗಿ ನಿಂತಿತ್ತು, ಟಂಕಸಾಲೇಲೇ ಅಚ್ಚು ತಿರುಗಿ ಬಿದ್ದಿತ್ತು.

"ಭೇಷ್," ಅಂತು ಭೂತಗನ್ನಡಿ. "ಇಷ್ಟು ಕೈ ದಾಟಿ ಬಂದಿದೀಯ, ಒಬ್ಬರ ಹತ್ರಾನೂ ಜಂಬ ಕೊಚ್ಚಲಿಲ್ಲವಲ್ಲೋ."

ನಾನೂ ಕೈಮುಗಿದು ಅದನ್ನೇ ಗುಳೀಲಿ ಇಟ್ಟೆ. ಸೊಟ್ಟನ್ನ ಟೀ ಅಂಗಡಿ ಹುಚ್ಚೀರ ಗೊಣಗಿಕೊಂಡೇ ಎರಡು ರೂಪಾಯಿಗೆ ತಗೊಂಡ. ನನಗೆ ನಷ್ಟ ಆಗಿದ್ದು ಎಂಟುನೂರ ಮೂವತ್ತೆಂಟು ರೂಪಾಯಿ.