ಅನುಮಾನ ಮಾಡಿ ಆರಿಸಿದ ಕಂಪ್ಯೂಟರ್

ನದಿ ತಿರುಗುವ ಕಡೆ ಒಂದು ಆಶ್ರಮ. ಅಲ್ಲಿ ತರ್ಕಶಾಸ್ತ್ರ ಹೇಳಿಕೊಡುವ ಅಳಸಿಂಗಾಚಾರ್ಯರು. ಅವರಿಗೆ ಒಬ್ಬಳೇ ಶಿಷ್ಯೆ, ಕೃತ್ತಿಕಾ.

ಒಂದು ಕಾಲಕ್ಕೆ ಜಗಲಿ ತುಂಬ ಶಿಷ್ಯರಿದ್ದರಂತೆ. ಈಗ ಆಚಾರ್ಯರ ಚಾಪೆ, ಎದುರಿಗೆ ಅವಳ ಚಾಪೆ, ನಡುವೆ ಆಗಾಗ ಒಂದು ಬೆಕ್ಕು.

ಆಶ್ರಮದ ಟ್ರಸ್ಟಿನವರು ಹೇಳಿ ಹೋಗಿದ್ದರು. ದಸರೆಯ ಹೊತ್ತಿಗೆ ಕಲಿಯುವವರು ಬರದಿದ್ದರೆ ಪಾಠ ನಿಲ್ಲುತ್ತದೆ, ಜಗಲಿಗೆ ಗೋಡೆ ಎದ್ದು ಯಾತ್ರಿಕರ ಕೋಣೆಗಳಾಗುತ್ತವೆ.

ಕೃತ್ತಿಕಾ ಓದಿದ್ದು ಇಂಗ್ಲಿಷ್ ಮೀಡಿಯಂ. ಆಚಾರ್ಯರ ಎಷ್ಟೋ ಮಾತು ಅವಳಿಗೆ ತಿಳಿಯುತ್ತಿರಲಿಲ್ಲ. ಕೇಳಲು ನಾಚಿಕೆ. ಅರ್ಥವಾದಾಗ ಸುಮ್ಮನಿರುತ್ತಿದ್ದಳು, ಅರ್ಥವಾಗದಿದ್ದಾಗ ಜೋರಾಗಿ ತಲೆಯಾಡಿಸುತ್ತಿದ್ದಳು.

ಒಂದು ಬೆಳಿಗ್ಗೆ ಆಚಾರ್ಯರು ಅಂದರು, "ಒಂದು ಕಂಪ್ಯೂಟರ್ ಬೇಕಲ್ಲ. ಆಟ ಆಡುವಂಥದ್ದು."

"ಯಾರು ಆಡೋದು ಗುರುಗಳೇ?"

"ನಾನು."

ಅವಳು ಬೆಕ್ಕಿನ ಮುಖ ನೋಡಿದಳು.

"ಊರಿನ ಮಕ್ಕಳೆಲ್ಲ ಯಾರೋ ಆಡುವುದನ್ನು ಫೋನಿನಲ್ಲಿ ನೋಡುತ್ತಾ ಕೂತಿರುತ್ತಾರಂತೆ. ಆಡುವವನು ಮಾತಾಡುತ್ತಲೂ ಇರುತ್ತಾನಂತೆ. ಮಾತಾಡುವುದು ನನಗೂ ಬರುತ್ತದೆ."

"ಅದಕ್ಕೆ ಸ್ಟ್ರೀಮಿಂಗ್ ಅಂತಾರೆ."

"ಏನಾದರೂ ಅನ್ನಲಿ. ಅವರು ಜಗಲಿಗೆ ಬರುವುದಿಲ್ಲ, ಜಗಲಿಯೇ ಅವರಲ್ಲಿಗೆ ಹೋಗಲಿ. ಹಳೆಯ ಶಿಷ್ಯರು ಕಳಿಸಿದ ಹಣವಿದೆ. ಮೆರೆಯುವಷ್ಟಿಲ್ಲ, ಕೊರಗುವಷ್ಟು ಕಡಿಮೆಯೂ ಇಲ್ಲ. ಇನ್ನೊಂದು ಸಲ ಕೇಳುವ ಹಾಗೆ ಮಾತ್ರ ಇಲ್ಲ. ಬಿಡಿಭಾಗ ಆರಿಸಿ ತಂದು ಕೂಡಿಸು."

"ನನಗೇನು ಗೊತ್ತು ಗುರುಗಳೇ?"

"ಕಣ್ಣಿಗೆ ಕಾಣುವುದರ ಪಾಠ ಮುಗಿಯಿತು. ಮುಂದಿನ ಪಾಠ ಅನುಮಾನ. ಈ ಕಂಪ್ಯೂಟರೇ ಪಾಠ ಅಂದುಕೋ. ಒಂದೊಂದನ್ನೂ ಅನುಮಾನ ಮಾಡಿ ಆರಿಸು."

ಈ ಪದ ಕೃತ್ತಿಕಾಗೆ ಚೆನ್ನಾಗಿ ಗೊತ್ತಿತ್ತು. ತಲೆಯಾಡಿಸಲಿಲ್ಲ.

ಪೇಟೆಯಲ್ಲಿ ಬೆಟ್ಟಸ್ವಾಮಿ ಎಂಬವನ ಕಂಪ್ಯೂಟರ್ ಅಂಗಡಿ. ಅವಳು ಬಾಗಿಲಲ್ಲೇ ನಿಂತು ವಿಷಯ ಹೇಳಿದಳು.

"ಆಟಕ್ಕೂ ಬೇಕು, ಲೈವ್‌ಗೂ ಬೇಕು, ಬಜೆಟ್ಟು ಮಧ್ಯಮ. ಅಷ್ಟೇ ತಾನೇ ಮೇಡಂ? ಹಂಗಾದ್ರೆ ಪ್ರೊಸೆಸರ್‌ಗೆ ದುಡ್ಡು ಸುರೀಬೇಡಿ, ನಡುವಿನದು ಸಾಕು. ಗ್ರಾಫಿಕ್ಸ್ ಕಾರ್ಡ್ ಒಳ್ಳೇದು ಹಾಕಿ. ಆಟ ತೋರ್ಸೋದೂ ಅದೇ, ಲೈವ್ ಕಳ್ಸೋ ಭಾರ ಹೊರೋದೂ ಅದೇ."

ಅವಳು ಅವನ ಬೆನ್ನ ಹಿಂದೆ ನೋಡಿದಳು. ಕಪಾಟಿನ ತುಂಬ ಗ್ರಾಫಿಕ್ಸ್ ಕಾರ್ಡಿನ ಡಬ್ಬಗಳು.

ಓಹೋ, ಅಂದುಕೊಂಡಳು.

"ರ್‍ಯಾಮ್ ಒಂದೇ ದೊಡ್ಡದು ಬೇಡ. ಎರಡು ಹಾಕಿ."

"ಎರಡು ಯಾಕೆ?"

"ಜೋಡೆತ್ತು ಕಟ್ಟಿದಂಗೆ ಮೇಡಂ. ಸಲೀಸಾಗಿ ಓಡುತ್ತೆ."

ಎರಡು ಮಾರಿದರೆ ಸಲೀಸು ಇವನಿಗೇ, ಅಂದುಕೊಂಡಳು.

"ಟೀ ತರಿಸ್ಲಾ?"

"ಯಾಕೆ?"

ಇಷ್ಟು ವರ್ಷದ ವ್ಯಾಪಾರದಲ್ಲಿ ಬೆಟ್ಟಸ್ವಾಮಿಗೆ ಈ ಪ್ರಶ್ನೆ ಯಾರೂ ಹಾಕಿರಲಿಲ್ಲ.

"ಕುಡಿಯೋಕೆ," ಅಂದ.

ಅವಳು ಕುಡಿಯದೆ ಬಂದಳು.

ಆಶ್ರಮಕ್ಕೆ ಬಂದು ಫೋನಿನಲ್ಲಿ ವಿಡಿಯೋ ನೋಡಿದಳು. ಒಬ್ಬ ಒಂದು ಕಾರ್ಡನ್ನು ಹೊಗಳಿದ. ಕಂಪನಿಯವರು ಪುಕ್ಕಟೆ ಕೊಟ್ಟಿರಬೇಕು. ಇನ್ನೊಬ್ಬ ಅದನ್ನೇ ತೆಗಳಿದ. ಎದುರಾಳಿ ಕಂಪನಿ ಹೇಳಿಸಿರಬೇಕು. ಮೂರನೆಯವನು ಒಳ್ಳೆಯದನ್ನೂ ಹೇಳಿದ, ಕೆಟ್ಟದ್ದನ್ನೂ ಹೇಳಿದ. ಅವನ ಮೇಲೆಯೇ ಅವಳಿಗೆ ಎಲ್ಲರಿಗಿಂತ ಹೆಚ್ಚು ಗುಮಾನಿ ಬಂತು.

"ಏನು ತಿಳಿಯಿತು?" ಆಚಾರ್ಯರು ಕೇಳಿದರು.

"ಒಬ್ಬರೂ ನಿಜ ಹೇಳ್ತಿಲ್ಲ ಗುರುಗಳೇ."

ಆಚಾರ್ಯರು ಮುಷ್ಟಿ ಮುಚ್ಚಿ ಅವಳ ಮುಖದ ಹತ್ತಿರ ಹಿಡಿದರು. "ಇದರೊಳಗೆ ಏನಿದೆ?"

"ಏನೂ ಇಲ್ಲ. ನೀವು ನನ್ನನ್ನ ಪರೀಕ್ಷೆ ಮಾಡ್ತಿದ್ದೀರಿ."

ಅವರು ಮುಷ್ಟಿ ಬಿಚ್ಚಿದರು. ಒಂದು ಲವಂಗ.

"ಮೂಗಿನ ಹತ್ತಿರವೇ ಹಿಡಿದಿದ್ದೆನಲ್ಲ," ಎಂದು ಅದನ್ನು ಬಾಯಿಗೆ ಹಾಕಿಕೊಂಡು ನದಿಯ ಕಡೆ ಹೋದರು.

ಕೃತ್ತಿಕಾ ಜೋರಾಗಿ ತಲೆಯಾಡಿಸಿದಳು.

ಮರುದಿನ ಅವಳಿಗೊಂದು ಉಪಾಯ ಹೊಳೆಯಿತು. ಪೂರ್ತಿ ಕಂಪ್ಯೂಟರ್ ಹೇಗಿರುತ್ತದೆಂದು ಯಾರಿಗೂ ಹೇಳಬಾರದು. ಪೂರ್ತಿ ಗೊತ್ತಾದರೆ ತಾನೇ ಪೂರ್ತಿ ಮೋಸ ಮಾಡುವುದು?

ಪ್ರೊಸೆಸರ್ ಮತ್ತು ಮದರ್‌ಬೋರ್ಡ್ ಒಂದು ಅಂಗಡಿಯಲ್ಲಿ ಕೊಂಡಳು. ಗ್ರಾಫಿಕ್ಸ್ ಕಾರ್ಡ್ ಇನ್ನೊಂದರಲ್ಲಿ. ರ್‍ಯಾಮ್ ಮತ್ತೊಂದರಲ್ಲಿ. ಒಬ್ಬರ ಚೀಲ ಇನ್ನೊಬ್ಬರಿಗೆ ಕಾಣದಂತೆ ದುಪಟ್ಟಾ ಹೊದಿಸಿ ನಡೆದಳು.

ಕೊನೆಗೆ ಉಳಿದದ್ದು ಎಸ್‌ಎಂಪಿಎಸ್, ಎಲ್ಲ ಭಾಗಗಳಿಗೂ ಕರೆಂಟು ಹಂಚುವ ಪೆಟ್ಟಿಗೆ. ಅದು ಬೆಟ್ಟಸ್ವಾಮಿಯ ಹತ್ತಿರ ಮಾತ್ರ ಇತ್ತು.

"ಯಾವ ಕಾರ್ಡಿಗೆ ಮೇಡಂ?"

"ಅದು ನಿಮಗ್ಯಾಕೆ?"

"ಎಷ್ಟು ಭಾರ ಬೀಳುತ್ತೆ ಅಂತ ಗೊತ್ತಾಗ್ಬೇಕಲ್ಲ. ಆಫೀಸ್ ಕೆಲಸಕ್ಕಾದ್ರೆ ಚಿಕ್ಕದು ಸಾಕು. ಆಟಕ್ಕೆ ಅಂದ್ರೆ ದೊಡ್ಡದೇ ಆಗ್ಬೇಕು."

ದೊಡ್ಡದನ್ನು ತಲೆಗೆ ಕಟ್ಟುವ ಹುನ್ನಾರ. "ಆಫೀಸ್ ಕೆಲಸಕ್ಕೆ," ಅಂದಳು.

"ನಿನ್ನೆ ಆಟಕ್ಕೆ ಅಂದಿದ್ರಿ?"

"ಅದು ಬೇರೆಯವರಿಗೆ."

ಚಿಕ್ಕದನ್ನು ಕೊಟ್ಟ.

ಕೂಡಿಸಲು ಯಾರನ್ನೂ ಕರೆಯಲಿಲ್ಲ. ಬರೀ ಕೈ ತೋರಿಸುವ, ಮಾತೇ ಇಲ್ಲದ ಒಂದು ವಿಡಿಯೋ ಹುಡುಕಿದಳು. ಮಾತಾಡದವನನ್ನು ನಂಬಬಹುದು. ಕಾರ್ಡಿಗೆ ಹೋಗುವ ತಂತಿ ಮಾತ್ರ ಆ ಚಿಕ್ಕ ಪೆಟ್ಟಿಗೆಯಲ್ಲಿ ಇರಲಿಲ್ಲ. ದೊಡ್ಡದನ್ನು ಕೊಳ್ಳಲೆಂದೇ ಹೀಗೆ ಮಾಡಿದ್ದಾರೆ ಎಂದುಕೊಂಡು, ಎಲ್ಲೋ ಸಿಕ್ಕ ಅಡಾಪ್ಟರ್ ತಂದು ಸಿಕ್ಕಿಸಿದಳು.

ಕಂಪ್ಯೂಟರ್ ಹತ್ತಿತು. ಅವಳಿಗೇ ನಂಬಿಕೆ ಬರಲಿಲ್ಲ.

ಅಂದು ಮಧ್ಯಾಹ್ನ ಆಚಾರ್ಯರು ಆಟಕ್ಕೆ ಕೂತರು. ಕತ್ತಲ ಕೋಟೆಯೊಂದರಲ್ಲಿ ಕಳ್ಳನನ್ನು ಹುಡುಕುವ ಆಟ. ಫೋನಿನಲ್ಲಿ ನೋಡುವವರು ಒಬ್ಬೊಬ್ಬರಾಗಿ ಸೇರತೊಡಗಿದರು.

"ನಾವು ನದಿ ತಿರುವಿನ ಆಶ್ರಮದವರು," ಎಂದು ಆಚಾರ್ಯರು ಶುರು ಮಾಡಿದರು. "ಇಲ್ಲಿ ನೋಡಿ, ನೆಲದ ಮೇಲೆ ಒದ್ದೆ ಹೆಜ್ಜೆ. ಈ ಕೋಟೆಯಲ್ಲಿ ಹನಿ ನೀರಿಲ್ಲ. ಹಾಗಾದರೆ ಇಲ್ಲಿ ನಡೆದವನು..."

ಪೆಟ್ಟಿಗೆಯ ಹಿಂದಿನಿಂದ ತೆಳ್ಳಗೆ ಹೊಗೆ ಎದ್ದು ಆಚಾರ್ಯರ ತಲೆಯ ಮೇಲೆ ಬಂತು.

ಅವರು ತಿರುಗಿ ನೋಡಿದರು. ಏಳಲಿಲ್ಲ.

"ಕೃತ್ತಿಕಾ, ಹೊಗೆ. ಇದರಿಂದ ಏನು ತಿಳಿಯುತ್ತದೆ?"

ಪರದೆ ಕಪ್ಪಾಯಿತು.

ಅವಳು ಓಡಿ ಬಂದು ಪ್ಲಗ್ ಕಿತ್ತಳು. ಬೆಕ್ಕು ಗೋಡೆ ಹಾರಿ ಹೋಗಿತ್ತು.

"ಉತ್ತರ ಬರಲಿಲ್ಲ," ಅಂದರು ಆಚಾರ್ಯರು.

"ಬೆಂಕಿ ಗುರುಗಳೇ! ಒಳಗೆ ಏನೋ ಸುಟ್ಟು ಹೋಗಿದೆ!"

"ಬೆಂಕಿ ಕಂಡೆಯಾ?"

"ಇಲ್ಲ. ಹೊಗೆ ಬಂತಲ್ಲ!"

"ಬಂದರೆ?"

"ಹೊಗೆ ಬಂದಲ್ಲಿ ಬೆಂಕಿ ಇರಲೇಬೇಕಲ್ಲ. ದಿನಾ ಅಡುಗೆಮನೇಲಿ ನೋಡ್ತೀನಿ."

"ಕಂಡದ್ದನ್ನು ಹಿಡಿದು ಕಾಣದ್ದನ್ನು ತಿಳಿದುಕೊಂಡೆ. ತರ್ಕದಲ್ಲಿ ಅದಕ್ಕೆ ಏನೆನ್ನುತ್ತಾರೆ?"

ಕೃತ್ತಿಕಾ ತಲೆಯಾಡಿಸತೊಡಗಿದಳು.

"ಅನುಮಾನ."

ಅವಳ ತಲೆ ಅರ್ಧಕ್ಕೇ ನಿಂತಿತು.

"ನಾನು... ಎಲ್ಲರನ್ನೂ ಸಂಶಯದಿಂದ ನೋಡು ಅಂದ್ರಿ ಅಂದ್ಕೊಂಡೆ."

"ಪೇಟೆಯಲ್ಲಿ ಆ ಪದಕ್ಕೆ ಅದೇ ಅರ್ಥ. ಸರಿ, ನಿನ್ನ ಪಾಠವನ್ನೇ ಕೇಳೋಣ. ಇಷ್ಟು ಜನರ ಮೇಲೆ ಸಂಶಯಪಟ್ಟೆಯಲ್ಲ, ಸುಳ್ಳು ಹೇಳಿದವರು ಯಾರು ಸಿಕ್ಕಿದರು?"

ಅವಳು ಅಂಗಡಿ ಅಂಗಡಿಯನ್ನೂ ನೆನೆದಳು.

"ಒಬ್ಬರೇ," ಅಂದಳು. "ನಾನು."

ಆಚಾರ್ಯರು ಎದ್ದರು. ಸುಟ್ಟ ವಾಸನೆ ಹೋಗಲೆಂದು ಚಾಪೆ ಕೊಡವಿದರು.

ಮರುದಿನ ಅವಳು ಕಂಪ್ಯೂಟರನ್ನು ಆಟೋದಲ್ಲಿಟ್ಟುಕೊಂಡು ಪೇಟೆಗೆ ಹೋದಳು. ದುಪಟ್ಟಾ ಹೊದಿಸಲಿಲ್ಲ. ಬೆಟ್ಟಸ್ವಾಮಿಯ ಮೇಜಿನ ಮೇಲಿಟ್ಟು, ಪಕ್ಕದ ಹಲಗೆ ಬಿಚ್ಚಿ, ಮೊದಲಿಂದ ಕೊನೆಯವರೆಗೆ ಎಲ್ಲ ಹೇಳಿದಳು. ಆಫೀಸ್ ಕೆಲಸದ ಸುಳ್ಳನ್ನೂ ಹೇಳಿದಳು.

ಅವನು ಒಳಗೆ ಇಣುಕಿದ. "ಇಷ್ಟು ದೊಡ್ಡ ಕಾರ್ಡಿಗೆ ಈ ಪೆಟ್ಟಿಗೇನಾ? ತಾಯೀ, ಕರು ಹೆಗಲಿಗೆ ನೇಗಿಲು ಕಟ್ಟಿದ್ದೀರಲ್ಲ!"

"ಎಲ್ಲಾ ಹೋಯ್ತಾ?"

ಅವನು ಒಂದೊಂದನ್ನೇ ತೆಗೆದು ತನ್ನ ಕಂಪ್ಯೂಟರಿಗೆ ಹಾಕಿ ನೋಡಿದ. ಅಷ್ಟು ಹೊತ್ತೂ ಅವಳು ಉಗುರು ಕಚ್ಚುತ್ತಾ ನಿಂತಿದ್ದಳು.

"ನಿಮ್ಮ ಪುಣ್ಯ. ಪೆಟ್ಟಿಗೆ, ಅಡಾಪ್ಟರ್ ಎರಡೇ ಸುಟ್ಟಿರೋದು. ಮಿಕ್ಕಿದ್ದೆಲ್ಲ ಚೆನ್ನಾಗೇ ಆರಿಸಿದ್ದೀರಿ. ನಾನು ಹೇಳಿದ್ದನ್ನೇ ಬೇರೆ ಕಡೆ ಕೊಂಡಿದ್ದೀರಿ, ಅಷ್ಟೇ."

ಕೈಯಲ್ಲಿ ಉಳಿದಿದ್ದ ಹಣ ದೊಡ್ಡ ಪೆಟ್ಟಿಗೆಗೆ ಹೇಗೋ ಸಾಕಾಯಿತು.

"ಟೀ ತರಿಸ್ಲಾ?" ಅಂದ. ಆಮೇಲೆ ತಾನೇ ಸೇರಿಸಿದ, "ಕುಡಿಯೋಕೆ."

ಅವಳು ಕುಡಿದಳು. ಸಕ್ಕರೆ ಜಾಸ್ತಿಯಾಗಿತ್ತು.

ಆಶ್ರಮಕ್ಕೆ ಬಂದು ಎಲ್ಲ ಜೋಡಿಸಿ ಇಟ್ಟಳು. ಗುಂಡಿ ಒತ್ತಲು ಬೆರಳು ಮುಂದೆ ಹೋಗಲಿಲ್ಲ.

"ಈ ಸಲ ಅವನು ಮೋಸ ಮಾಡಿರಬಹುದಲ್ಲ?" ಆಚಾರ್ಯರು ಕೇಳಿದರು.

"ಮಾಡಿರಬಹುದು," ಅಂದು ಒತ್ತಿದಳು.

ಫ್ಯಾನುಗಳು ತಿರುಗಿದವು. ಹೊಗೆ ಬರಲಿಲ್ಲ. ಬೆಕ್ಕು ಗೋಡೆಯ ಮೇಲೆ ಕೂತು ದೂರದಿಂದಲೇ ನೋಡುತ್ತಿತ್ತು.

ಅಷ್ಟರಲ್ಲಿ ಗೇಟು ಕಿರುಗುಟ್ಟಿತು. ಕಾಲೇಜಿನ ಹುಡುಗಿಯರು ನಾಲ್ಕೈದು ಮಂದಿ ಒಬ್ಬರನ್ನೊಬ್ಬರು ಮುಂದೆ ತಳ್ಳುತ್ತಾ ಬಂದರು. ಅವರ ಹಿಂದೆ ಖಾಕಿ ಅಂಗಿಯ ಬಸ್ ಕಂಡಕ್ಟರೊಬ್ಬ.

"ಹೊಗೆ ಬಂದದ್ದು ಇದೇ ಜಗಲೀಲಾ?" ಒಬ್ಬ ಹುಡುಗಿ ಕೇಳಿದಳು.

"ಒದ್ದೆ ಹೆಜ್ಜೆಯವನು ಯಾರು ಅಂತ ಹೇಳಲೇ ಇಲ್ವಲ್ಲ ಸ್ವಾಮಿ," ಅಂದ ಕಂಡಕ್ಟರ್. "ನಿನ್ನೆಯಿಂದ ನಮ್ಮ ಬಸ್ಸಲ್ಲೆಲ್ಲ ಅದೇ ಮಾತು. ನದಿ ಈಜಿ ಬಂದವನು ಅಂತ ನಾನು, ಅಲ್ಲ ಅಂತ ಡ್ರೈವರು."

"ನದಿ ಅಂತ ಹೇಗೆ ಹೇಳುತ್ತೀಯಪ್ಪ? ಕೂತುಕೋ. ಎಲ್ಲರೂ ಕೂತುಕೊಳ್ಳಿ," ಅಂದರು ಆಚಾರ್ಯರು.

ಕೃತ್ತಿಕಾ ಒಳಗೆ ಹೋಗಿ ಅಟ್ಟದ ಮೇಲಿನ ಚಾಪೆಗಳನ್ನು ಇಳಿಸಿದಳು. ಧೂಳು ಕೊಡವುತ್ತಾ ಕೊಡವುತ್ತಾ ಅವಳ ಕೈ ನಿಧಾನವಾಯಿತು.

ಒದ್ದೆ ಹೆಜ್ಜೆಯ ಪಾಠ ನಿನ್ನೆಯೇ ಮುಗಿದಿದ್ದರೆ ಇವರು ಬರುತ್ತಿದ್ದರೇ? ಹೊಗೆ ಕಂಡೂ ಆಚಾರ್ಯರು ಏಳಲಿಲ್ಲವಲ್ಲ? ಅವಳು ಯಾವಾಗ ತಲೆಯಾಡಿಸುತ್ತಾಳೆ, ಯಾವಾಗ ಆಡಿಸುವುದಿಲ್ಲ ಎಂಬುದು ಇಷ್ಟು ದಿನ ಎದುರಿಗೆ ಕೂತವರಿಗೆ ತಿಳಿಯದೇ ಇರುತ್ತದೆಯೇ?

ಚಾಪೆ ಹಾಸುವ ನೆಪದಲ್ಲಿ ಆಚಾರ್ಯರ ಹತ್ತಿರ ಬಗ್ಗಿ, ಯಾರಿಗೂ ಕೇಳದಂತೆ ಕೇಳಿದಳು. ಅವಳು ಬಾಯಿಬಿಟ್ಟು ಒಂದು ಪದದ ಬಗ್ಗೆ ಕೇಳಿದ್ದು ಅದೇ ಮೊದಲು.

"ಗುರುಗಳೇ, ಆ ಪದ ನನಗೆ ತಪ್ಪಾಗಿ ಅರ್ಥವಾಗುತ್ತೆ ಅಂತ ನಿಮಗೆ ಅವತ್ತೇ ಗೊತ್ತಿತ್ತಾ?"

ಆಚಾರ್ಯರು ಒಂದು ಲವಂಗ ಬಾಯಿಗೆ ಹಾಕಿಕೊಂಡರು.

"ಅನುಮಾನ ಮಾಡು," ಅಂದರು.